ನಾಯಿಗೆ ಹಾಕುವ ಉಣ್ಣಿ ಔಷಧಿಯನ್ನು ಮೊಲಕ್ಕೆ ಹಾಕಿಸಬೇಡಿ

ಮನೆಯಲ್ಲಿ ಮೊಲ ಸಾಕಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಉಣ್ಣಿ, ಚಿಗಟ ಹೋಗಲಿ ಅಂತ ನಾಯಿಯ ಕತ್ತಿನ ಹಿಂದೆ ಹನಿ ಔಷಧಿ ಹಾಕುತ್ತಾರಲ್ಲ, ಅದರಲ್ಲಿ ಫಿಪ್ರೊನಿಲ್ ಎಂಬ ಕೀಟನಾಶಕ ಇದ್ದರೆ ಅದು ಮೊಲಕ್ಕೆ ವಿಷ. ನಮ್ಮ ಮೊಲ ಮಲ್ಲಿ ಸತ್ತಿದ್ದು ಅದರಿಂದಲೇ.

ಕಳೆದ ಮಳೆಗಾಲದಲ್ಲಿ ಮಲ್ಲಿಯ ಕತ್ತಿನ ಹಿಂದೆ, ಬೆನ್ನ ಮೇಲೆ ಬಿಳಿ ಹೊಟ್ಟು ಕಾಣಿಸಿತು. ಮುಟ್ಟಿದರೆ ಕೂದಲು ಕೈಗೇ ಬರುತ್ತಿತ್ತು. ಅವಳನ್ನು ಎತ್ತಿಕೊಳ್ಳುತ್ತಿದ್ದ ಅಮ್ಮನ ಮುಂಗೈ ಮೇಲೂ ಕೆಂಪು ಗುಳ್ಳೆ ಎದ್ದು ತುರಿಕೆ ಶುರುವಾಯಿತು. ಮೊಲ ಕೊಂಡಿದ್ದ ಅಂಗಡಿಗೆ ಹೋಗಿ ತೋರಿಸಿದೆವು. "ಹುಳ ಅಷ್ಟೇ ಅಮ್ಮ, ನಾಯಿಮರಿಗೂ ಇದೇ ಹಾಕೋದು, ಏನೂ ಆಗಲ್ಲ" ಅಂತ ಅಂಗಡಿಯವರೇ ಹನಿ ಹಾಕಿ ಕಳಿಸಿದರು.

ಆ ರಾತ್ರಿ ಮಲ್ಲಿ ಹುಲ್ಲು ಮುಟ್ಟಲಿಲ್ಲ. ಬೆಳಿಗ್ಗೆ ಗೂಡಿನಲ್ಲಿ ಒಂದು ಹಿಕ್ಕೆಯೂ ಇಲ್ಲ. ಮಧ್ಯಾಹ್ನ ಮೈ ಸೆಟೆದು ಫಿಟ್ಸ್ ಬಂತು. ಪಶುವೈದ್ಯರು ಡ್ರಿಪ್ ಹಾಕಿದರು, ಮೈ ಬೆಚ್ಚಗಿಟ್ಟರು, ಫಿಟ್ಸ್ ನಿಲ್ಲಿಸಲು ಇಂಜೆಕ್ಷನ್ ಕೊಟ್ಟರು. ಇದಕ್ಕೆ ಪ್ರತಿಮದ್ದು ಅಂತ ಇಲ್ಲ. ಅವಳು ಉಳಿಯಲಿಲ್ಲ. ಅಂಗಡಿಯವರಿಗೆ ಕೆಟ್ಟ ಉದ್ದೇಶ ಇತ್ತು ಅಂತ ನಾನು ಹೇಳುತ್ತಿಲ್ಲ. ಆದರೆ ಪ್ರಾಣಿ ಮಾರುವವರಿಗೆ ಇಷ್ಟಾದರೂ ಗೊತ್ತಿರಲೇಬೇಕು, ಅಲ್ವಾ?

ಜೊತೆಗಿದ್ದ ಇನ್ನೊಂದು ಮೊಲ ಗುಂಡನಿಗೂ ಅದೇ ಹೊಟ್ಟು ಇತ್ತು. ವೈದ್ಯರು ಅವನ ಕೂದಲನ್ನು ಕಪ್ಪು ಕಾಗದದ ಮೇಲೆ ಬಾಚಿದರು. ಬಿದ್ದ ಬಿಳಿ ಚೂರುಗಳಲ್ಲಿ ಕೆಲವು ನಿಧಾನವಾಗಿ ಸರಿದಾಡಿದವು! ಅದು ಚೆಯ್ಲೆಟಿಯೆಲ್ಲಾ ಎಂಬ ನುಸಿ. ಮನುಷ್ಯರಿಗೂ ತುರಿಕೆ ತರುತ್ತದೆ. ತೂಕ ನೋಡಿ ಐವರ್ಮೆಕ್ಟಿನ್ ಇಂಜೆಕ್ಷನ್ ಕೊಟ್ಟರು. ಮೊಟ್ಟೆ ಅದಕ್ಕೆ ಸಾಯುವುದಿಲ್ಲವಾದ್ದರಿಂದ ಎರಡು ವಾರ ಬಿಟ್ಟು ಮತ್ತೆ ಕೊಟ್ಟರು. ಈ ನುಸಿ ಮೊಲದ ಮೈಯಿಂದ ಆಚೆಗೂ ಕೆಲವು ದಿನ ಬದುಕುತ್ತದೆ. ಹಾಗಾಗಿ ಹಾಸು ಎಸೆದು, ಗೂಡನ್ನು ಬಿಸಿನೀರಲ್ಲಿ ತೊಳೆದೆವು. ಗುಂಡನಿಗೆ ಕೂದಲು ಮತ್ತೆ ಬಂತು. ಅಮ್ಮನ ತುರಿಕೆಯೂ ಹೋಯಿತು. ಮಲ್ಲಿಗೂ ಇಷ್ಟೇ ಸಾಕಾಗಿತ್ತು.

ಚರ್ಮದ ತೊಂದರೆ ಎಲ್ಲ ಇದೇ ನುಸಿಯದಲ್ಲ. ಮೂಗು, ತುಟಿ, ಕಿವಿಯಂಚು, ಉಗುರಿನ ಬುಡದಲ್ಲಿ ಗಟ್ಟಿ ಹಕ್ಕಳೆ ಕಟ್ಟಿದರೆ ಅದು ಬೇರೆ ನುಸಿಯಿಂದ ಬರುವ ಕಜ್ಜಿ ಇರಬಹುದು. ಕಿವಿಯೊಳಗೆ ಕಂದು ಪದರ ಕಂಡರೆ ಕೀಳಲು ಹೋಗಬೇಡಿ. ಕೆಳಗೆ ಹಸಿ ಗಾಯವಿರುತ್ತದೆ, ವಿಪರೀತ ನೋವಾಗುತ್ತದೆ. ಔಷಧಿ ಕೊಟ್ಟರೆ ಅದು ತಾನೇ ಉದುರುತ್ತದೆ. ದುಂಡಗೆ ಕೂದಲು ಉದುರಿದ್ದರೆ ಹುಳುಕಡ್ಡಿ ಇರಬಹುದು. ಅದು ಮಕ್ಕಳಿಗೂ ಅಂಟುತ್ತದೆ, ಅದರ ಔಷಧಿಯೇ ಬೇರೆ. ಸುಮ್ನೆ ಶಾಂಪೂ ಹಾಕಿ ಸ್ನಾನ ಮಾಡಿಸಬೇಡಿ, ಮೊಲ ಗಾಬರಿಗೆ, ಚಳಿಗೆ ಕುಸಿಯುತ್ತದೆ. ಮನೆಯಲ್ಲಿರುವ ಅಮಾಕ್ಸಿಸಿಲಿನ್ ಆಂಟಿಬಯೋಟಿಕ್ ಕುಡಿಸಲೇಬೇಡಿ. ಅದು ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾವನ್ನು ಹಾಳುಮಾಡಿ ಮೊಲದ ಜೀವಕ್ಕೇ ಕುತ್ತು ತರುತ್ತದೆ.

ಯಾರಾದರೂ ಈಗಾಗಲೇ ಹನಿ ಹಾಕಿಬಿಟ್ಟಿದ್ದರೆ, ಮೊಲ ಚೆನ್ನಾಗಿಯೇ ಕಂಡರೂ ಕಾಯಬೇಡಿ. ಅದು ಆ ಜಾಗ ನೆಕ್ಕದಂತೆ ನೋಡಿಕೊಳ್ಳಿ, ಜೊತೆಯ ಮೊಲವನ್ನು ಬೇರೆ ಇಡಿ. ತಕ್ಷಣ ವೈದ್ಯರಿಗೆ ಫೋನ್ ಮಾಡಿ, ಹೋಗುವಾಗ ಔಷಧಿಯ ಪ್ಯಾಕೆಟ್ ಜೊತೆಗೆ ಒಯ್ಯಿರಿ.