ಕಿವಿಮೊರೆತಕ್ಕೆ ಮನೆಯಲ್ಲಿ ಬಳಸುವ ಟಿಡಿಸಿಎಸ್ ಕಿಟ್: ಪೆಟ್ಟಿಗೆ ಪರವಾಗಿಲ್ಲ, ಜಾಹೀರಾತು ನಂಬಬೇಡಿ

ಟಿಡಿಸಿಎಸ್ ಅಂದರೆ ತಲೆಯ ಹೊರಗಿನಿಂದಲೇ ಮಿದುಳಿಗೆ ಸಣ್ಣ ಕರೆಂಟು ಕೊಡುವ ವಿಧಾನ. ಕಿವಿಮೊರೆತಕ್ಕೆ, ಅಂದರೆ ಹೊರಗೆ ಸದ್ದಿಲ್ಲದಿದ್ದರೂ ಕಿವಿಯಲ್ಲಿ ಗುಂಯ್‌ಗುಡುವ ತೊಂದರೆಗೆ, ಆನ್‌ಲೈನಿನಲ್ಲಿ ಸಿಗುವ ಇದರ ಕಿಟ್‌ಗಳು ಬಹುತೇಕ ಒಂದೇ ಥರ ಇರುತ್ತವೆ. ಅಂಗೈಯಗಲದ ಪೆಟ್ಟಿಗೆ, 9 ವೋಲ್ಟ್ ಬ್ಯಾಟರಿ, ಕೆಂಪು-ಕಪ್ಪು ವೈರು, ಎರಡು ರಬ್ಬರ್ ಎಲೆಕ್ಟ್ರೋಡು, ಅವನ್ನು ತೂರಿಸುವ ಸ್ಪಂಜಿನ ಚೀಲ, ತಲೆಗೆ ಕಟ್ಟುವ ಪಟ್ಟಿ. 1ರಿಂದ 2 ಮಿಲಿಆಂಪಿಯರ್ ಡಿಸಿ ಕರೆಂಟನ್ನು ನೆತ್ತಿಯ ಚರ್ಮದ ಮೂಲಕ ಸುಮಾರು 20 ನಿಮಿಷ ಹಾಯಿಸುವುದಷ್ಟೇ ಇದರ ಕೆಲಸ.

ಕಿಟ್ ಕೈಗೆ ಬಂದ ಕೂಡಲೇ ತಲೆಗೆ ಕಟ್ಟಬೇಡಿ, ಮೊದಲು ಕರೆಂಟು ಅಳೆಯುವ ಮಲ್ಟಿಮೀಟರ್ ತೆಗೆಯಿರಿ. ಪೆಟ್ಟಿಗೆಯನ್ನು 2ಕ್ಕೆ ಇಟ್ಟು, ತಲೆಯ ಬದಲಿಗೆ ಎರಡು ವೈರುಗಳ ನಡುವೆ 4.7 ಕಿಲೋಓಮ್ ರೆಸಿಸ್ಟರ್ (ಕರೆಂಟಿಗೆ ತಡೆಯೊಡ್ಡುವ ಬಿಡಿಭಾಗ) ಹಾಕಿ, ಅದೇ ಕರೆಂಟು ಮೀಟರಿನ ಮೂಲಕವೂ ಹಾಯುವಂತೆ ಸೀರೀಸ್‌ನಲ್ಲಿ ಸೇರಿಸಿದರೆ 2 ಮಿಲಿಆಂಪಿಯರ್ ಕಾಣಬೇಕು. ಆಮೇಲೆ 10 ಕಿಲೋಓಮ್ ಹಾಕಿ ನೋಡಿ. ಆಗ 2 ಮಿಲಿಆಂಪಿಯರ್ ಹರಿಸಲು 20 ವೋಲ್ಟ್ ಬೇಕು. ಒಳಗೆ ವೋಲ್ಟೇಜ್ ಏರಿಸುವ ಸರ್ಕ್ಯೂಟ್ ಇಲ್ಲದ ಅಗ್ಗದ ಪೆಟ್ಟಿಗೆಗೆ 9 ವೋಲ್ಟ್ ಬ್ಯಾಟರಿಯಿಂದ ಅದು ಸಾಧ್ಯವೇ ಇಲ್ಲ. ಒಳ್ಳೆಯ ಯಂತ್ರ ಕರೆಂಟನ್ನು ಪೂರ್ತಿ ಕೊಡುತ್ತದೆ, ಇಲ್ಲವೇ ಸಂಪರ್ಕ ಸರಿಯಿಲ್ಲವೆಂದು ನಿಲ್ಲುತ್ತದೆ. ಪರದೆಯ ಮೇಲೆ 2 ಎಂದು ತೋರಿಸುತ್ತಲೇ 0.9 ಹರಿಸುವ ಪೆಟ್ಟಿಗೆಯನ್ನು ವಾಪಸ್ ಕಳಿಸಿಬಿಡಿ. ಕರೆಂಟು ಶುರುವಿನಲ್ಲಿ ಸುಮಾರು 30 ಸೆಕೆಂಡಿನಲ್ಲಿ ನಿಧಾನಕ್ಕೆ ಏರಿ, ಕೊನೆಯಲ್ಲಿ ಹಾಗೆಯೇ ಇಳಿಯಬೇಕು. ಥಟ್ಟನೆ ಏರಿದರೆ ಕಣ್ಣೆದುರು ಮಿಂಚು ಹೊಡೆದಂತಾಗುತ್ತದೆ.

ಎಲ್ಲ ಎಡವಟ್ಟೂ ಆಗುವುದು ಸ್ಪಂಜಿನಲ್ಲಿ. 5×7 ಸೆಂ.ಮೀ. ಸ್ಪಂಜಿಗೆ ಪ್ರತಿ ಬದಿಗೆ ಸುಮಾರು 6 ಮಿ.ಲೀ. ಸಲೈನ್ (ಉಪ್ಪುನೀರು) ಸಾಕು. ಮೆಡಿಕಲ್ ಶಾಪಿನ 0.9 ಶೇಕಡಾ ಬಾಟಲಿ ಮತ್ತು ಒಂದು ಸಿರಿಂಜು ಇದ್ದರೆ ಅಳತೆ ಸುಲಭ. ಒತ್ತಿದರೆ ತೇವ ಹತ್ತಬೇಕು, ತೊಟ್ಟಿಕ್ಕಬಾರದು. ನೀರು ಇಳಿದು ಕೂದಲು ತೊಯ್ದರೆ ಎರಡು ಸ್ಪಂಜಿನ ನಡುವೆ ಚರ್ಮದ ಮೇಲೆಯೇ ದಾರಿಯಾಗಿ, ಕರೆಂಟು ಮಿದುಳಿಗೆ ಇಳಿಯದೆ ಮೇಲಿಂದ ಮೇಲೆ ಹರಿದುಹೋಗುತ್ತದೆ. ಒಣಗಿದರೆ ಅದಕ್ಕಿಂತ ಅಪಾಯ: ಒದ್ದೆ ಉಳಿದ ಒಂದು ಮೂಲೆಯಲ್ಲಿ ಕರೆಂಟೆಲ್ಲ ಸೇರಿ ಚರ್ಮ ಸುಡುತ್ತದೆ. ಹತ್ತನೇ ನಿಮಿಷದ ಸುಮಾರಿಗೆ ಒಂದೆರಡು ಮಿ.ಲೀ. ಸೇರಿಸುವುದು ಒಳ್ಳೆಯದು. ರಬ್ಬರಿನ ಅಂಚು ಚೀಲದಿಂದ ಹೊರಗೆ ಇಣುಕಿ ಚರ್ಮಕ್ಕೆ ತಾಗಲೇಬಾರದು. ಕೆಲವು ಕಿಟ್‌ಗಳ ಜೊತೆ 3×3 ಸೆಂ.ಮೀ. ಸ್ಪಂಜು ಬರುತ್ತದೆ. ಅದರಲ್ಲಿ 2 ಮಿಲಿಆಂಪಿಯರ್ ಹಾಯಿಸಿದರೆ ಪ್ರತಿ ಚದರ ಸೆಂ.ಮೀ.ಗೆ ಬೀಳುವ ಕರೆಂಟು ದೊಡ್ಡ ಸ್ಪಂಜಿನ ಸುಮಾರು ನಾಲ್ಕು ಪಟ್ಟು. ಅದನ್ನು ಬಳಸಬೇಡಿ.

ಕಚಗುಳಿ, ತುರಿಕೆ, ಒಂದಿಷ್ಟು ಕೆಂಪಾಗುವುದು ಮಾಮೂಲು. ಉರಿ ಜೋರಾದರೆ ಕರೆಂಟು ಇಳಿಸಿ ನಿಲ್ಲಿಸಿ, ಕೆಂಪು ಹೋಗುವ ತನಕ ಅದೇ ಜಾಗದಲ್ಲಿ ಸ್ಪಂಜು ಇಡಬೇಡಿ. ಚಾರ್ಜಿಂಗ್ ಮಾದರಿಯಾದರೆ ಪ್ಲಗ್‌ಗೆ ಸಿಕ್ಕಿಸಿಕೊಂಡು ತಲೆಗೆ ಹಾಕಲೇಬೇಡಿ. ಮೂರ್ಛೆರೋಗ, ಪೇಸ್‌ಮೇಕರ್, ಕಾಕ್ಲಿಯರ್ ಇಂಪ್ಲಾಂಟ್ (ಕಿವಿಯೊಳಗೆ ಅಳವಡಿಸಿದ ಶ್ರವಣ ಸಾಧನ), ತಲೆಯೊಳಗೆ ಲೋಹ ಇರುವವರಿಗೆ ಈ ಕಿಟ್ ಬೇಡ.

ಕಿವಿಮೊರೆತಕ್ಕೆ ಸಂಶೋಧಕರು ಪ್ರಯತ್ನಿಸಿರುವ ಜಾಗಗಳು ಮುಖ್ಯವಾಗಿ ಎರಡು. ಒಂದು, ಬಲ ಮುಂದಲೆಯಲ್ಲಿ ಆನೋಡು (ಪ್ಲಸ್ ಬದಿ), ಎಡದಲ್ಲಿ ಕ್ಯಾಥೋಡು (ಮೈನಸ್ ಬದಿ). ಇನ್ನೊಂದು, ಎಡಕಿವಿಯ ಮೇಲ್ಭಾಗದಲ್ಲಿ ಆನೋಡು. ಕೆಲವರಿಗೆ ಸದ್ದು ತಾತ್ಕಾಲಿಕವಾಗಿ ತಗ್ಗಿದ್ದು ನಿಜ. ಆದರೆ ತೋರಿಕೆಗಷ್ಟೇ ಕರೆಂಟು ಕೊಟ್ಟು ಹೋಲಿಸಿದ ಪ್ರಯೋಗಗಳಲ್ಲಿ ವ್ಯತ್ಯಾಸವೇ ಕಾಣದ್ದೂ ಇದೆ. ಹೀಗಿರುವಾಗ ಡಬ್ಬಿಯ ಮೇಲೆ ‘ಶಾಶ್ವತ ಪರಿಹಾರ’ ಎಂದು ಅಚ್ಚು ಹಾಕುವುದು ನಿದ್ದೆಗೆಟ್ಟು ಕಂಗಾಲಾದವರಿಗೆ ಮಾಡುವ ಮೋಸ. ಅಮೆರಿಕದಲ್ಲಿ ಔಷಧ, ವೈದ್ಯಕೀಯ ಸಾಧನಗಳಿಗೆ ಅನುಮತಿ ಕೊಡುವ ಎಫ್‌ಡಿಎ 2023ರ ಮಾರ್ಚಿನಲ್ಲಿ ಒಪ್ಪಿಗೆ ಕೊಟ್ಟ ಲೆನೈರ್ ಬೇರೆಯೇ ಸಾಧನ. ಅದು ಹೆಡ್‌ಫೋನಿನಲ್ಲಿ ಸದ್ದು ಕೇಳಿಸುತ್ತ ನಾಲಿಗೆಗೆ ಸಣ್ಣ ಕರೆಂಟು ಕೊಡುತ್ತದೆ. ಆ ಒಪ್ಪಿಗೆಯನ್ನು ಈ ಕಿಟ್‌ಗೆ ಅಂಟಿಸಿ ಮಾರುವವರಿದ್ದರೆ ನಂಬಬೇಡಿ.

ದುಡ್ಡು ಮೊದಲು ಆಡಿಯೋಗ್ರಾಂಗೆ, ಅಂದರೆ ಕಿವಿ ಎಷ್ಟು ಕೇಳುತ್ತದೆಂದು ಅಳೆಯುವ ಪರೀಕ್ಷೆಗೆ ಹೋಗಲಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ (ಆಯಿಷ್) ಕಡೆ ಅದನ್ನು ಮಾಡಿಸಿ. ಕೇಳಿಸುವುದು ಕಡಿಮೆಯಾಗಿದ್ದರೆ ಹಿಯರಿಂಗ್ ಏಡ್, ಕಳವಳಕ್ಕೆ ಸಿಬಿಟಿ (ಯೋಚನೆ, ನಡವಳಿಕೆಯನ್ನು ತಿದ್ದಿಕೊಳ್ಳಲು ನೆರವಾಗುವ ಮಾತಿನ ಚಿಕಿತ್ಸೆ), ಇವೆರಡಕ್ಕೂ ಇದಕ್ಕಿಂತ ಗಟ್ಟಿ ಆಧಾರವಿದೆ. ಒಂದೇ ಕಿವಿಯಲ್ಲಿ ಸದ್ದು, ನಾಡಿ ಬಡಿತದ ಲಯಕ್ಕೆ ಸದ್ದು, ದಿಢೀರ್ ಕಿವುಡು, ಇವುಗಳಲ್ಲಿ ಯಾವುದಿದ್ದರೂ ಮೊದಲು ಇಎನ್‌ಟಿ ವೈದ್ಯರ ಹತ್ತಿರ ಹೋಗಿ. ದಿಢೀರ್ ಕಿವುಡಾದರೆ ಒಂದು ದಿನವೂ ಕಾಯಬೇಡಿ.

ಅಷ್ಟೆಲ್ಲ ಆದ ಮೇಲೂ ಪ್ರಯತ್ನಿಸುವುದಾದರೆ, ವೈದ್ಯರ ಗಮನಕ್ಕೆ ತಂದು, ಶುರುವಿಗೆ ಮುಂಚೆ ಮತ್ತು ಕೋರ್ಸು ಮುಗಿದ ಮೇಲೆ ಕಿವಿಮೊರೆತದಿಂದ ಎಷ್ಟು ತೊಂದರೆಯಾಗುತ್ತಿದೆ ಎಂದು ಅಳೆಯುವ 25 ಪ್ರಶ್ನೆಗಳ ಟಿಎಚ್‌ಐ ಪಟ್ಟಿ ತುಂಬಿಸಿ. 100ರಲ್ಲಿ ಕನಿಷ್ಠ 7 ಅಂಕವಾದರೂ ಇಳಿಯದಿದ್ದರೆ ಕರೆಂಟು ಏರಿಸುವುದಕ್ಕೂ ನಿಮಿಷ ಹೆಚ್ಚಿಸುವುದಕ್ಕೂ ಹೋಗಬೇಡಿ, ಅಲ್ಲಿಗೇ ಬಿಟ್ಟುಬಿಡಿ.