ವಾರಿಯರ್ ಹಡಗಿನ ಎಂಜಿನ್ ಕೋಣೆ: ತಪ್ಪದೆ ನೋಡಿ

ಸಕ್ಕರೆ ಕಾರ್ಖಾನೆಯ ಬಾಯ್ಲರ್ ಮನೆಯಲ್ಲಿ 26 ವರ್ಷ ದುಡಿದವನು ನಾನು. ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋದಾಗ ಪೋರ್ಟ್ಸ್‌ಮತ್‌ನಲ್ಲಿ 1860ರ ಯುದ್ಧನೌಕೆ ವಾರಿಯರ್ ನೋಡಿದೆ. ತೋಪುಗಳನ್ನು ಆಮೇಲೆ ನೋಡಿದರಾಯಿತು, ಮೊದಲು ಕೆಳಗಿಳಿಯಿರಿ. 10 ಬಾಯ್ಲರ್, 40 ಕುಲುಮೆ! ಒಂದು ಕುಲುಮೆಯ ಬಾಗಿಲಿಗೆ ಬಗ್ಗಿದಾಗ, ಬೆಂಕಿಯಿಲ್ಲದಿದ್ದರೂ ಮುಖ ತಾನಾಗಿ ಹಿಂದೆ ಸರಿಯಿತು. ಜಾನ್ ಪೆನ್ ಕಂಪನಿಯ ಟ್ರಂಕ್ ಎಂಜಿನ್ (ಒಂದು ಬಗೆಯ ಹಬೆ ಎಂಜಿನ್) ಈಗಿರುವುದು ಪ್ರತಿಕೃತಿ; ಆದರೂ ಅಡ್ಡಲಾಗಿ ಮಲಗಿದ ಆ ಸಿಲಿಂಡರುಗಳ ಗಾತ್ರ ಕಂಡು ಕೈ ಮುಗಿಯಬೇಕೆನಿಸಿತು.

ಬ್ರಿಟಿಷ್ ನೌಕಾಪಡೆಯಲ್ಲಿ ಹಿರಿಯ ಎಂಜಿನಿಯರುಗಳಿಗೆ ಕಮಿಷನ್ ದರ್ಜೆ, ಅಂದರೆ ಪೂರ್ಣ ಅಧಿಕಾರಿಯ ಸ್ಥಾನ, ಸಿಕ್ಕಿದ್ದೇ 1847ರಲ್ಲಿ. ಹಬೆಯನ್ನು ಕಾಯ್ದವರಿಗೆ ಮರ್ಯಾದೆ ಅಷ್ಟು ತಡವಾಗಿ ಬಂತೆಂಬುದು ನನ್ನನ್ನು ಬಹಳ ನೋಯಿಸಿತು.

ಏಣಿ ಕಡಿದಾಗಿದೆ; ಮಂಡಿನೋವಿದ್ದವರು ಕಂಬಿ ಹಿಡಿದು, ನಿಧಾನವಾಗಿ ಇಳಿಯಿರಿ.