ಸಾನ್ ಜಿಮಿನ್ಯಾನೋಗೆ ಕಾರಿನಲ್ಲಿ ಹೋಗುವವರು ಓದಿ: "ಬಾಗಿಲವರೆಗೂ ಕಾರು ಬರುತ್ತೆ" ಅಂದ್ರೆ ನಂಬಬೇಡಿ

ಇಟಲಿಯ ಟಸ್ಕನಿಗೆ ಹೋಗುವ ಪ್ಲಾನ್ ಇರುವವರು, ಅದರಲ್ಲೂ ಬಾಡಿಗೆ ಕಾರು ತಗೊಂಡು ಹೋಗುವವರು ದಯವಿಟ್ಟು ಪೂರ್ತಿ ಓದಿ. ಮೊನ್ನೆ ಬೆಂಗಳೂರಿನ ನಮ್ಮ ಮನೆಗೆ ಇಟಲಿಯಿಂದ ರಿಜಿಸ್ಟರ್ಡ್ ಪೋಸ್ಟ್ ಬಂತು. ದಂಡದ ನೋಟಿಸ್. ಒಂದಲ್ಲ, ಎರಡು. ನಾವು ವಾಪಸ್ ಬಂದು ಎಷ್ಟೋ ತಿಂಗಳಾದ ಮೇಲೆ!

ಸಾನ್ ಜಿಮಿನ್ಯಾನೋ ಬೆಟ್ಟದ ಮೇಲಿನ ಊರು. ಸುತ್ತ ಗೋಡೆ, ಒಳಗೆ ಕಲ್ಲು ಹಾಸಿದ ಏರು ಬೀದಿಗಳು. ರೈಲು ಇಲ್ಲ, ಪಕ್ಕದ ಊರು ಪೊಜ್ಜಿಬೊನ್ಸಿಯಲ್ಲಿ ಇಳಿದು ಬಸ್ ಹಿಡಿಯಬೇಕು. ಅಮ್ಮನಿಗೆ ಮಂಡಿ ನೋವು, ಜೊತೆಗೆ ದೊಡ್ಡ ಸೂಟ್‌ಕೇಸ್‌ಗಳು. ಹಾಗಾಗಿ ಕಾರು ತಗೊಂಡೆವು. ಗೋಡೆಯ ಒಳಗಿನ ಆ ರೂಮನ್ನು ಆರಿಸಿದ್ದಕ್ಕೂ ಒಂದೇ ಕಾರಣ, "ಕಾರು ಬಾಗಿಲವರೆಗೂ ಬರುತ್ತೆ" ಅಂತ ಓನರ್ ಹಾಕಿಕೊಂಡಿದ್ದ. ಅದಕ್ಕಂತಲೇ ಜಾಸ್ತಿ ದುಡ್ಡು ಕೊಟ್ಟೆವು.

ಅಲ್ಲಿಯ ಹಳೇ ಊರುಗಳಲ್ಲಿ ಝಡ್‌ಟಿಎಲ್ ಅಂತ ಇರುತ್ತೆ, ಹೊರಗಿನ ಗಾಡಿ ಒಳಗೆ ಹೋಗುವ ಹಾಗಿಲ್ಲ. ಬಿಳಿ ಬೋರ್ಡಿನ ಮೇಲೆ ಕೆಂಪು ಸುತ್ತು, ಪಕ್ಕದಲ್ಲಿ ಕ್ಯಾಮೆರಾ. ನಿಲ್ಲಿಸುವ ಪೊಲೀಸ್ ಇಲ್ಲ, ಗೇಟ್ ಇಲ್ಲ, ನಂಬರ್ ಪ್ಲೇಟಿನ ಫೋಟೋ ಬಿದ್ದರೆ ಮುಗೀತು. ಒಳಗೆ ರೂಮು ತಗೊಂಡವರ ಕಾರಿನ ನಂಬರನ್ನು ಓನರ್ ಅಲ್ಲಿಯ ಪೊಲೀಸರಿಗೆ ಕೊಟ್ಟರೆ ಲಗೇಜ್ ಇಳಿಸಲು ಬಿಡ್ತಾರೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೇ ನಂಬರ್ ಕಳಿಸಿದೆ, ಕಾರಿನ ಪೇಪರ್ ಫೋಟೋ ಸಮೇತ. "ಪರ್ಫೆತ್ತೋ", ಅಂದ್ರೆ ಎಲ್ಲ ಸರಿಯಾಗಿದೆ, ಅಂತ ಉತ್ತರ ಬಂತು.

ಆದರೂ ಆ ಕೆಂಪು ಸುತ್ತು ಕಂಡಾಗ ಹೆದರಿಕೆ ಆಯ್ತು. ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಓನರ್‌ಗೆ ಫೋನ್ ಮಾಡಿದೆ. "ಬನ್ನಿ ಬನ್ನಿ, ನಿಮ್ಮ ನಂಬರ್ ಕೊಟ್ಟಾಗಿದೆ, ಏನೂ ಯೋಚನೆ ಬೇಡ" ಅಂದ. ನಗುನಗುತ್ತಾ ಅಂದ. ಮಾರನೇ ದಿನ ಲಗೇಜ್ ತುಂಬಲು ಕಾರು ತರುವ ಮುಂಚೆಯೂ ಕೇಳಿದೆ, ಮತ್ತೆ ಅದೇ ಮಾತು. ಈಗ ನೋಡಿದರೆ ನೋಟಿಸ್‌ನಲ್ಲಿರುವುದು ಅವೇ ಎರಡು ಹೊತ್ತು. ಫೋನ್ ಇಟ್ಟ ಕೆಲವೇ ನಿಮಿಷದಲ್ಲಿ ಬಿದ್ದ ಫೋಟೋ!

ಇದರ ಮೇಲೆ ಬಾಡಿಗೆ ಕಂಪನಿ ಬೇರೆ ಮುಂಚೆಯೇ ಕಾರ್ಡಿನಿಂದ ದುಡ್ಡು ಎಳೆದುಕೊಂಡಿತ್ತು. ಅದು ದಂಡ ಅಲ್ಲ, ನಮ್ಮ ಹೆಸರು ವಿಳಾಸ ಪೊಲೀಸರಿಗೆ ಕೊಟ್ಟಿದ್ದಕ್ಕೆ ಚಾರ್ಜ್! ಅದೂ ಎರಡು ಸಲ.

ಓನರ್‌ಗೆ ಬರೆದೆ. ಮೊದಲ ಉತ್ತರ: "ವಿಚಿತ್ರ, ನಾನು ಯಾವಾಗಲೂ ಕಳಿಸ್ತೀನಿ." ಸರಿ, ಕಳಿಸಿದ್ದು ತೋರಿಸಿ, ಅದನ್ನೇ ಇಟ್ಟುಕೊಂಡು ಮೇಲ್ಮನವಿ ಹಾಕ್ತೀನಿ ಅಂದೆ. "ಪೊಲೀಸರು ಕಳೆದುಹಾಕಿರಬೇಕು" ಅಂದ. ಮತ್ತೆ ಕೇಳಿದೆ. "ನೀವು ನಂಬರ್ ತಪ್ಪು ಕೊಟ್ಟಿದ್ದೀರಿ" ಅಂದ. ನಾನು ಕಳಿಸಿದ ಫೋಟೋ, ಅದರ ಕೆಳಗೆ ಅವನದೇ "ಪರ್ಫೆತ್ತೋ", ಎರಡನ್ನೂ ತಿರುಗಿ ಕಳಿಸಿದೆ. ಆಗ ಬಂದ ಉತ್ತರ ಓದಿ ಮೈ ಉರಿದುಹೋಯ್ತು: "ಬೋರ್ಡ್ ಎಲ್ಲರಿಗೂ ಕಾಣುತ್ತೆ, ನಿಮಗೆ ಕಾಣಲಿಲ್ಲವೇ? ಬೇರೆ ಯಾವ ಗೆಸ್ಟೂ ಹೀಗೆ ಜಗಳ ಆಡಿಲ್ಲ." ಬೋರ್ಡ್ ಕಂಡಿದ್ದಕ್ಕೇ ಅಲ್ವಾ ನಾನು ಫೋನ್ ಮಾಡಿದ್ದು? ಆಮೇಲೆ ಬ್ಲಾಕ್ ಮಾಡಿದ. ಕೊಟ್ಟೇ ಇಲ್ಲದ ನಂಬರನ್ನು ಕೊಟ್ಟೆ ಅಂತ ಬಾಯಿಬಿಟ್ಟು ಹೇಳಿದನಲ್ಲ, ಅದು ಸಹಿಸೋಕಾಗ್ತಿಲ್ಲ. ಮನೆಯಲ್ಲಿ ಅಮ್ಮ "ನನ್ನ ಕಾಲಿನಿಂದ ನಿನಗೆ ಇಷ್ಟು ದುಡ್ಡು ಹೋಯ್ತಲ್ಲ" ಅಂತ ದಿನಾ ಕೊರಗ್ತಾರೆ. ಅವರಿಗೆ ಏನು ಹೇಳಲಿ?

ಊರಿನ ಮೇಲೆ ನನಗೆ ಒಂಚೂರೂ ಕೋಪ ಇಲ್ಲ. ಒಂದು ಕಾಲಕ್ಕೆ 72 ಗೋಪುರ ಇದ್ದವಂತೆ, ಈಗ 14 ಉಳಿದಿವೆ. 54 ಮೀಟರ್ ಎತ್ತರದ ತೊರೆ ಗ್ರೊಸ್ಸಾ ಅನ್ನೋ ಗೋಪುರ ಹತ್ತಿದರೆ ದ್ರಾಕ್ಷಿ ತೋಟಗಳೆಲ್ಲ ಕಾಣುತ್ತವೆ. ಮೇಲೆ ಹತ್ತಲಾಗದ ಅಮ್ಮ ಬಾವಿ ಇರುವ ಚಿಸ್ತೆರ್ನಾ ಚೌಕದಲ್ಲಿ ಖುಷಿಯಾಗಿ ಕೂತಿದ್ದರು. ಊರಿನ ದೊಡ್ಡ ಚರ್ಚಿನಲ್ಲಿ ಸಾಂತಾ ಫೀನಾ ಅನ್ನೋ ಸಂತಳ ಹೆಸರಿನ ಪ್ರಾರ್ಥನಾ ಕೋಣೆ, ಅಲ್ಲಿ ಚಿತ್ರಕಾರ ಗಿರ್ಲಾಂದಾಯೋ ಬರೆದ ಭಿತ್ತಿಚಿತ್ರಗಳು, ತಪ್ಪಿಸಬೇಡಿ. 1990ರಿಂದ ಯುನೆಸ್ಕೋ ಪಟ್ಟಿಯಲ್ಲಿರುವ ಜಾಗ, ಅಂಥ ಬೀದಿಗಳಿಗೆ ಕಾರು ಬಿಡಬಾರದು ಅನ್ನೋದೂ ಸರಿಯೇ. ಆ ನಿಯಮ ಇಟ್ಟುಕೊಂಡು ಸುಳ್ಳು ಹೇಳಿ ರೂಮು ತುಂಬಿಸಿಕೊಳ್ಳುವವರ ಮೇಲೆ ನನ್ನ ಕೋಪ.

ಕಾರನ್ನು ಗೋಡೆಯ ಹೊರಗೇ ನಿಲ್ಲಿಸಿ. ಸಾನ್ ಜೊವಾನ್ನಿ ಬಾಗಿಲ ಹತ್ತಿರ ಮೊಂತೆಮಾಜ್ಜೋ ಪಾರ್ಕಿಂಗ್ ಇದೆ. ಇನ್ನೂ ಕೆಳಗಿನ ಜುಬಿಲೇಯೋ ಅಗ್ಗ, ಆದರೆ ದೂರ. ಒಳಗೆ ಹೋಗಲೇಬೇಕು ಅಂದ್ರೆ ಓನರ್ ಪೊಲೀಸರಿಗೆ ಕಳಿಸಿದ ಮೇಲ್‌ನ ಕಾಪಿ ಮೊದಲು ಕೈಗೆ ಬರಲಿ. ಫೋನಿನಲ್ಲಿ "ಬನ್ನಿ ಬನ್ನಿ" ಅಂದಿದ್ದಕ್ಕೆ ಸಾಕ್ಷಿ ಇರಲ್ಲ. ಬೇರೆ ಬೇರೆ ದಿನ ಒಳಗೆ ಹೋದರೆ ಬೇರೆ ಬೇರೆ ದಂಡ.

ಈಗಾಗಲೇ ಹೋಗಿ ಬಂದವರು ಪೋಸ್ಟ್ ಮೇಲೆ ಕಣ್ಣಿಡಿ, ಹೊರದೇಶದವರಿಗೆ ನೋಟಿಸ್ ಕಳಿಸಲು ಅವರಿಗೆ 360 ದಿನ ಇರುತ್ತೆ. ಕೈಗೆ ಬಂದ 5 ದಿನದೊಳಗೆ ಕಟ್ಟಿದರೆ ಶೇ. 30 ಕಡಿಮೆ. ಆದರೆ ಕಟ್ಟಿದರೆ ಮೇಲ್ಮನವಿ ಇಲ್ಲ. ಮೇಲ್ಮನವಿಯನ್ನು ಪ್ರಿಫೆಕ್ಟ್‌ಗೆ, ಅಂದ್ರೆ ಅಲ್ಲಿಯ ಸರ್ಕಾರಿ ಅಧಿಕಾರಿಗೆ, ಬರೆಯಲು 60 ದಿನ ಸಿಗುತ್ತೆ. ನಾನು ಕಟ್ಟಿಬಿಟ್ಟೆ. ರೂಮಿನ ಪುಟದಲ್ಲಿ ಎಲ್ಲ ಮೆಸೇಜ್ ಸಮೇತ ರಿವ್ಯೂ ಹಾಕಿದ್ದೀನಿ. "ಕಾರು ಬಾಗಿಲವರೆಗೂ ಬರುತ್ತೆ" ಅನ್ನೋ ಸಾಲು ಇವತ್ತಿಗೂ ಅಲ್ಲೇ ಇದೆ.